ಮದರ್‌ಬೋರ್ಡು ಮತ್ತು ಪ್ರೊಸೆಸರು : ಒಂದು ಯೋಗ್ಯತಾವಿಚಾರ

ಪದಗಳು ಒಂದರ ಪಕ್ಕದಲ್ಲೊಂದು ನಿಂತ ಮಾತ್ರಕ್ಕೆ ವಾಕ್ಯಾರ್ಥವು ಹುಟ್ಟುವುದಿಲ್ಲ. ಅವುಗಳ ನಡುವೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಇರಬೇಕೆಂಬುದು ಪ್ರಾಚೀನ ಶಾಸ್ತ್ರಕಾರರ ಮತ. 'ತೋಟಗಾರನು ಬೆಂಕಿಯಿಂದ ಗಿಡವನ್ನು ತೋಯಿಸುತ್ತಾನೆ' ಎಂಬಲ್ಲಿ ಕರ್ತೃವಿದ್ದಾನೆ, ಕರ್ಮವಿದೆ, ಕ್ರಿಯಾಪದವಿದೆ, ತೃತೀಯಾ ವಿಭಕ್ತಿಯು ಯಾವ ಲೋಪವೂ ಇಲ್ಲದೆ ಬಂದಿದೆ. ವೈಯಾಕರಣನು ತಪ್ಪು ಹಿಡಿಯುವಂತಿಲ್ಲ. ಆದರೂ ಅರ್ಥ ಹೊರಡದು; ತೋಯಿಸುವ ಯೋಗ್ಯತೆ ಬೆಂಕಿಗಿಲ್ಲ. ಮನೆಗೋ ಶಾಲೆಗೋ ಗಣಕಯಂತ್ರವನ್ನು ತಾವೇ ಜೋಡಿಸಹೊರಟವರು, ಅಥವಾ ಇರುವ ಯಂತ್ರಕ್ಕೆ ಹೊಸ ಪ್ರೊಸೆಸರನ್ನು ಹಾಕಹೊರಟವರು ಸಾಮಾನ್ಯವಾಗಿ ಮರೆಯುವುದು ಈ ಒಂದು ಮಾತನ್ನೇ. ಪ್ರೊಸೆಸರು ಸಾಕೆಟ್ಟಿನಲ್ಲಿ ಸಲೀಸಾಗಿ ಕುಳಿತಿತು, ಆದಕಾರಣ ಹೊಂದಿತು ಎಂದು ಅವರು ತೀರ್ಮಾನಿಸುತ್ತಾರೆ. ವಿಭಕ್ತಿ ಸರಿಯಾಗಿದೆ, ಆದಕಾರಣ ಅರ್ಥವೂ ಇದೆ ಎಂದಂತಾಯಿತು.

ಪ್ರೊಸೆಸರೆಂಬುದು ಲೆಕ್ಕವನ್ನೆಲ್ಲ ಮಾಡುವ ಚಿಕ್ಕ ಬಿಲ್ಲೆ. ಬೆಂಕಿಪೆಟ್ಟಿಗೆಯಷ್ಟು ಅಗಲವೂ ನಾಲ್ಕೈದು ಮಿಲಿಮೀಟರು ದಪ್ಪವೂ ಇರುವ ವಸ್ತು. ಅದಕ್ಕೆ ವಿದ್ಯುತ್ತನ್ನು ಒದಗಿಸುವುದು, ಸ್ಮೃತಿಫಲಕಗಳೊಡನೆಯೂ ತಟ್ಟೆಗಳೊಡನೆಯೂ ಪರದೆಯೊಡನೆಯೂ ಮಾತನಾಡಲು ದಾರಿ ಮಾಡಿಕೊಡುವುದು ಮದರ್‌ಬೋರ್ಡಿನ ಕೆಲಸ. ಇದನ್ನು 'ಮಾತೃಫಲಕ'ವೆಂದು ಅನುವಾದಿಸಿದವರುಂಟು. ಮಾತು ಇಂಪಾಗಿದೆ, ಅರ್ಥವೂ ಸರಿ. ಆದರೆ ಅಂಗಡಿಯಲ್ಲಿ ಮಾತೃಫಲಕವನ್ನು ಕೇಳಿದವರಿಗೆ ಬರಿಗೈ ಗತಿಯಾದ್ದರಿಂದ ಇಲ್ಲಿ ಮದರ್‌ಬೋರ್ಡು, ಬೋರ್ಡು ಎಂಬ ವ್ಯಾವಹಾರಿಕ ರೂಪಗಳನ್ನೇ ಇಟ್ಟುಕೊಂಡಿದೆ.

ವಿಷಯದ ಗಾಂಭೀರ್ಯ ತಿಳಿಯಬೇಕಾದರೆ ಒಂದು ಪ್ರೌಢಶಾಲೆಯ ಗಣಕ ಕೊಠಡಿಯನ್ನು ಕಲ್ಪಿಸಿಕೊಳ್ಳಬಹುದು. ಅಲ್ಲಿ 2016ರಲ್ಲಿ ಕೊಂಡ 10 ಯಂತ್ರಗಳಿವೆ. ಅವುಗಳಲ್ಲಿರುವುದು ಇಂಟೆಲ್ ಸಂಸ್ಥೆಯ 6ನೆಯ ಪೀಳಿಗೆಯ ಕೋರ್ ಐ3-6100 ಪ್ರೊಸೆಸರು. ಬೋರ್ಡಿನ ಚಿಪ್‌ಸೆಟ್ಟು ಎಚ್110. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕಾದರೋ ಕೆಲವು ಅಪವಾದಗಳನ್ನು ಬಿಟ್ಟರೆ ಇಂಟೆಲ್ಲಿನ 8ನೆಯ ಪೀಳಿಗೆ ಅಥವಾ ಅದರ ಮುಂದಿನ ಪ್ರೊಸೆಸರೇ ಬೇಕು. ಈ ಸಂಗತಿಯನ್ನು ಕೇಳಿದ ಹಳೆಯ ವಿದ್ಯಾರ್ಥಿಯೊಬ್ಬರು ಉದಾರಮನಸ್ಸಿನಿಂದ 8ನೆಯ ಪೀಳಿಗೆಯ ಕೋರ್ ಐ3-8100 ಪ್ರೊಸೆಸರುಗಳನ್ನು, ಬಳಸಿದವೇ ಆದರೂ ಸುಸ್ಥಿತಿಯಲ್ಲಿರುವಂಥವನ್ನು, 10 ಕೊಂಡುತಂದರೆನ್ನಿ. ಹಳೆಯ ಪ್ರೊಸೆಸರಿನ ಸಾಕೆಟ್ಟಿನ ಹೆಸರು ಎಲ್.ಜಿ.ಎ. 1151, ಹೊಸತರದೂ ಎಲ್.ಜಿ.ಎ. 1151. ಅಳತೆ ಒಂದೇ, ಅಂಚಿನ ಕಚ್ಚುಗಳೂ ಅಲ್ಲಲ್ಲಿಯೇ ಇವೆ. ಮುಚ್ಚಳ ಬಿಗಿದು ವಿದ್ಯುತ್ತು ಕೊಟ್ಟರೆ ಪಂಖ ತಿರುಗುತ್ತದೆ. ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಎರಡನೆಯ ಯಂತ್ರದಲ್ಲೂ ಹಾಗೆಯೇ, ಮೂರನೆಯದರಲ್ಲೂ ಹಾಗೆಯೇ. ಬಳಸಿದ ವಸ್ತುವನ್ನು ಮಾರಿದವನು ಹಿಂದಕ್ಕೆ ತೆಗೆದುಕೊಳ್ಳಲಾರ. ಕೊಟ್ಟವರಿಗೆ ಸಂಕೋಚ, ಪಡೆದವರಿಗೆ ಸಂಕಟ. ಪ್ರೊಸೆಸರುಗಳಲ್ಲಿ ದೋಷವಿಲ್ಲ, ಬೋರ್ಡುಗಳಲ್ಲಿಯೂ ದೋಷವಿಲ್ಲ. ಕೂಡಿಕೆಯಲ್ಲಿ ಯೋಗ್ಯತೆಯಿಲ್ಲ.

ಹೆಸರೂ ಗಾತ್ರವೂ ಒಂದೇ ಇರುವಾಗ ಹೀಗೇಕಾಯಿತೆಂಬುದನ್ನು ತುಸು ಬಿಡಿಸಿ ನೋಡಬೇಕು. ಎಲ್.ಜಿ.ಎ. ಎಂಬ ಮಾದರಿಯಲ್ಲಿ ಸೂಜಿಯಂಥ ಎಳೆಗಳು ಬೋರ್ಡಿನ ಮೇಲಿರುತ್ತವೆ. ಪ್ರೊಸೆಸರಿನ ತಳದಲ್ಲಿ ಅವು ತಾಗುವ ಹೊನ್ನಿನ ಲೇಪದ ಬಿಂದುಗಳಿರುತ್ತವೆ. ಸಾಕೆಟ್ಟಿನ ಹೆಸರಿನಲ್ಲಿರುವ ಅಂಕಿಯು ಈ ಬಿಂದುಗಳ ಎಣಿಕೆ. 1151 ಎಂದರೆ 1151 ಬಿಂದುಗಳು, ಅಷ್ಟೆ. ಯಾವ ಬಿಂದು ಯಾವ ಕೆಲಸಕ್ಕೆ ಎಂಬುದನ್ನು ಆ ಹೆಸರು ಹೇಳುವುದಿಲ್ಲ. ಇದೇ ಮೋಸ ಹೋಗುವ ಸ್ಥಾನ. 2015ರಲ್ಲಿ ಬಂದ 6ನೆಯ ಪೀಳಿಗೆಗೂ 2017ರ ಆರಂಭದಲ್ಲಿ ಬಂದ 7ನೆಯ ಪೀಳಿಗೆಗೂ ಒಂದೇ ಹಂಚಿಕೆಯಿತ್ತು. 100 ಮತ್ತು 200ರ ಶ್ರೇಣಿಯ ಚಿಪ್‌ಸೆಟ್ಟುಗಳ ಬೋರ್ಡುಗಳು ಅವೆರಡನ್ನೂ ನಡೆಸುತ್ತಿದ್ದವು. 2017ರ ಅಕ್ಟೋಬರಿನಲ್ಲಿ 8ನೆಯ ಪೀಳಿಗೆ ಬಂದಾಗ ಇಂಟೆಲ್ ಸಂಸ್ಥೆಯು ಮನೆಬಳಕೆಯ ಪ್ರೊಸೆಸರುಗಳಲ್ಲಿ ತಿರುಳುಗಳ ಸಂಖ್ಯೆಯನ್ನು 4ರಿಂದ 6ಕ್ಕೆ ಏರಿಸಿತು. ತಿರುಳುಗಳು ಹೆಚ್ಚಿದರೆ ವಿದ್ಯುತ್ತಿನ ಹಸಿವೂ ಹೆಚ್ಚು. ಅದುವರೆಗೆ ಖಾಲಿ ಬಿಟ್ಟಿದ್ದ ಬಿಂದುಗಳಲ್ಲಿ 18ನ್ನು ವಿದ್ಯುತ್ ಒಳಬರುವುದಕ್ಕೂ 14ನ್ನು ಭೂಸಂಪರ್ಕಕ್ಕೂ ಹೊಸದಾಗಿ ಬಳಸಿಕೊಳ್ಳಲಾಯಿತು. ಸಾಕೆಟ್ಟಿನ ಹೆಸರು ಬದಲಾಗಲಿಲ್ಲ. ಚಿಪ್‌ಸೆಟ್ಟಿನ ಶ್ರೇಣಿ ಮಾತ್ರ 300 ಆಯಿತು. ಹಳೆಯ ಬೋರ್ಡು ಹೊಸ ಪ್ರೊಸೆಸರನ್ನು ಗುರುತಿಸದು, ಹೊಸ ಬೋರ್ಡು ಹಳೆಯ ಪ್ರೊಸೆಸರನ್ನು ನಡೆಸದು. ಕೊಳ್ಳುವವನ ಪಾಲಿಗೆ ಇದು ಅನ್ಯಾಯವೆಂದು ಹಲವರು ಆಗಲೇ ಆಕ್ಷೇಪಿಸಿದ್ದರು. ಹೆಸರನ್ನಾದರೂ ಬದಲಿಸಬಹುದಾಗಿತ್ತೆಂಬ ಅವರ ಮಾತು ನ್ಯಾಯವಾದುದೇ. ನಾನಾರ್ಥವುಳ್ಳ ಒಂದೇ ಶಬ್ದವನ್ನು ಸಂದರ್ಭವಿಲ್ಲದೆ ಪ್ರಯೋಗಿಸಿದರೆ ಕೇಳುವವನಿಗೆ ಭ್ರಾಂತಿಯಾಗದಿರುತ್ತದೆಯೆ?

ಕೆಲವು ಕುಶಲರು ಬಯೋಸ್ ಲಿಪಿಯನ್ನು ತಾವೇ ತಿದ್ದಿ, ಅಗತ್ಯವಾದಲ್ಲಿ ಕೆಲವು ಬಿಂದುಗಳ ಮೇಲೆ ಸಣ್ಣ ಪಟ್ಟಿ ಅಂಟಿಸಿ, 8ನೆಯ ಪೀಳಿಗೆಯ ಪ್ರೊಸೆಸರನ್ನು 100ರ ಶ್ರೇಣಿಯ ಬೋರ್ಡಿನಲ್ಲಿ ನಡೆಸಿ ತೋರಿಸಿದ್ದೂ ಉಂಟು. ಇದು ಅರಿಸಮಾಸದಂಥದು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಸ್ಕೃತ ಕನ್ನಡಗಳ ವಿರುದ್ಧ ಸಮಾಸವನ್ನು ನಿಷೇಧಿಸುತ್ತಲೇ ಬಿರುದಾವಳಿ ಮೊದಲಾದ ಕಡೆಗಳಲ್ಲಿ ಅದಕ್ಕೆ ಅವಕಾಶವಿತ್ತಿದ್ದಾನೆ. ಬಿರುದು ಗಳಿಸಹೊರಟವರು ಹಾಗೆ ಮಾಡಿಕೊಳ್ಳಲಿ. ಮಕ್ಕಳು ಪ್ರತಿನಿತ್ಯ ಕುಳಿತು ಕಲಿಯುವ ಯಂತ್ರಕ್ಕೆ ಅದು ಸಲ್ಲದು.

ಈ ಬಗೆಯ ಭ್ರಾಂತಿ ಹೊಸತೇನಲ್ಲ. 1990ರ ದಶಕದ ನಡುಭಾಗದಲ್ಲಿ 'ಸಾಕೆಟ್ 7' ಎಂಬುದೊಂದಿತ್ತು. ಅದರಲ್ಲಿ ಇಂಟೆಲ್ಲಿನ ಪೆಂಟಿಯಮ್ಮೂ ಎ.ಎಂ.ಡಿ. ಸಂಸ್ಥೆಯ ಕೆ6 ಪ್ರೊಸೆಸರೂ ಸೈರಿಕ್ಸ್ ಸಂಸ್ಥೆಯ ಪ್ರೊಸೆಸರುಗಳೂ ಒಂದೇ ಮನೆಯವರಂತೆ ಕೂರುತ್ತಿದ್ದವು. 1997ರಲ್ಲಿ ಇಂಟೆಲ್ ಪೆಂಟಿಯಮ್ 2ರೊಡನೆ 'ಸ್ಲಾಟ್ 1' ಎಂಬ ಬೇರೆ ಮಾದರಿಗೆ ಹೋಯಿತು, 1999ರಲ್ಲಿ ಎ.ಎಂ.ಡಿ. ತನ್ನ ಅಥ್ಲಾನ್ ಪ್ರೊಸೆಸರಿಗೆ 'ಸ್ಲಾಟ್ ಎ' ಮಾಡಿತು. ಸ್ವಾರಸ್ಯವೆಂದರೆ ಈ ಎರಡನೆಯದು ಯಾಂತ್ರಿಕವಾಗಿ ಮೊದಲನೆಯದೇ. ದಿಕ್ಕನ್ನು ಮಾತ್ರ ತಿರುಗಿಸಿ ಕೂರಿಸಲಾಗಿತ್ತು. ವಿದ್ಯುತ್ತಿನ ವ್ಯವಸ್ಥೆ ಬೇರೆಯೇ ಆದದ್ದರಿಂದ ಇದರದು ಅದಕ್ಕೆ, ಅದರದು ಇದಕ್ಕೆ ಹೊಂದುತ್ತಿರಲಿಲ್ಲ. ಅಂದಿನಿಂದ ಎರಡು ಕುಲಗಳೂ ಬೇರೆ ಬೇರೆ. 2004ರಲ್ಲಿ ಬಂದ ಎಲ್.ಜಿ.ಎ. 775 ಸಾಕೆಟ್ಟು ಬಹುಕಾಲ ಬಾಳಿತು. ಮೊದಲು ಪೆಂಟಿಯಮ್ 4, ಅನಂತರ 2006ರಲ್ಲಿ ಕೋರ್ 2 ಡ್ಯುಯೋ. ಹೊಸದನ್ನು 2004ರ 915 ಚಿಪ್‌ಸೆಟ್ಟಿನ ಬೋರ್ಡಿನಲ್ಲಿ ಕೂರಿಸಬಹುದಾಗಿತ್ತು, ನಡೆಸಲಾಗುತ್ತಿರಲಿಲ್ಲ. ಅದು ಕೇಳುವ ವೋಲ್ಟೇಜಿನ ಹೊಸ ಕ್ರಮವನ್ನು ಹಳೆಯ ಬೋರ್ಡು ಅರಿಯದು. 945 ಚಿಪ್‌ಸೆಟ್ಟಿನ ಬೋರ್ಡುಗಳಲ್ಲಿ ಮೊದಲ ಪರಿಷ್ಕರಣದವು ಒಲ್ಲೆನೆಂದು ಮುಂದಿನ ಪರಿಷ್ಕರಣದವು ಒಪ್ಪಿಕೊಂಡ ಸಂದರ್ಭಗಳೂ ಇದ್ದವು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ, ಅಂದರೆ ಎಲ್ಲರೂ ಎಸ್.ಪಿ. ರಸ್ತೆಯೆಂದು ಕರೆಯುವ ಗಣಕ ಸಾಮಗ್ರಿಯ ಪೇಟೆಯಲ್ಲಿ, ಪ್ರೊಸೆಸರು ಬೋರ್ಡುಗಳನ್ನು ಜೊತೆಯಾಗಿಯೇ ಮಾರುವ ರೂಢಿಯಿರುವುದಕ್ಕೆ ಇಂತಹ ಅನುಭವಗಳೂ ಕಾರಣವೆನ್ನಬಹುದು. ಜೊತೆಯನ್ನು ಒಂದೇ ಅಂಗಡಿಯಲ್ಲಿ, ಒಂದೇ ರಸೀದಿಯಲ್ಲಿ ಕೊಂಡವನಿಗೆ, ಎರಡೂ ಕೂಡಿ ಬಾಳದಿದ್ದರೆ ಕೇಳಲು ಒಬ್ಬನಾದರೂ ಇರುತ್ತಾನೆ.

ಹಾಗಾದರೆ ಯೋಗ್ಯತೆಯನ್ನು ನಿರ್ಣಯಿಸುವ ಪ್ರಮಾಣ ಯಾವುದು? ಕಣ್ಣು ಪ್ರಮಾಣವಲ್ಲ, ಸಾಕೆಟ್ಟಿನ ಹೆಸರು ಅರ್ಧ ಪ್ರಮಾಣ, ಮಾರುವವನ ಮಾತು ಅವನ ಪ್ರಾಮಾಣಿಕತೆಯಷ್ಟೇ ಪ್ರಮಾಣ. ಪ್ರತಿಯೊಂದು ಬೋರ್ಡಿನ ತಯಾರಕನೂ ಆ ಬೋರ್ಡಿಗೆ ಹೊಂದುವ ಪ್ರೊಸೆಸರುಗಳ ಪಟ್ಟಿಯೊಂದನ್ನು ತನ್ನ ತಾಣದಲ್ಲಿ ಪ್ರಕಟಿಸಿರುತ್ತಾನೆ. ಅದೇ ಆಪ್ತವಾಕ್ಯ. ಅದರಲ್ಲಿ ಒಂದು ಸಾಲಿನಲ್ಲಿ ಪ್ರೊಸೆಸರಿನ ಪೂರ್ಣ ಹೆಸರು, ಅದೇ ಸಾಲಿನ ಕೊನೆಯಲ್ಲಿ ಯಾವ ಬಯೋಸ್ ಆವೃತ್ತಿಯಿಂದ ಅದು ಸಲ್ಲುತ್ತದೆಂಬ ಸಂಖ್ಯೆ ಇರುತ್ತದೆ. ಹೆಸರನ್ನು ನೋಡಿ ಪಟ್ಟಿಯನ್ನು ಮುಚ್ಚುವವರೇ ಬಹಳ. ಕೊನೆಯ ಅಂಕಣವನ್ನು ನೋಡುವವರು ಕಡಿಮೆ. ಪಟ್ಟಿಯನ್ನು ಹುಡುಕುವಾಗ ಬೋರ್ಡಿನ ಹೆಸರಿನ ಒಂದೊಂದು ಅಕ್ಷರವೂ ಮುಖ್ಯ. ಕೊನೆಯಲ್ಲಿ ಬರುವ ಒಂದು ಅಕ್ಷರದ ವ್ಯತ್ಯಾಸದಿಂದ ಸ್ಮೃತಿಯ ಜಾತಿಯೇ ಬೇರೆಯಾಗುವುದುಂಟು. ಅಲ್ಲದೆ ಬೋರ್ಡಿನ ಅಂಚಿನಲ್ಲಿ ಬಿಳಿಯ ಅಕ್ಷರಗಳಿಂದ ಪರಿಷ್ಕರಣದ ಅಂಕಿ ಅಚ್ಚಾಗಿರುತ್ತದೆ, 1.0 ಮತ್ತು 2.0 ಎಂಬವುಗಳಿಗೆ ಬೇರೆ ಬೇರೆ ಪಟ್ಟಿ ಇರಬಹುದು. ಯಂತ್ರವನ್ನು ಬಿಚ್ಚದೆಯೇ ತಿಳಿಯಬೇಕಾದರೆ ವಿಂಡೋಸಿನಲ್ಲಿ 'ಸಿಸ್ಟಮ್ ಇನ್ಫರ್ಮೇಷನ್' ಎಂಬುದನ್ನು ತೆರೆದರೆ ಬೋರ್ಡಿನ ತಯಾರಕ, ಹೆಸರು, ಬಯೋಸ್ ಆವೃತ್ತಿ ಮೂರೂ ಕಾಣುತ್ತವೆ. ಶಾಲೆಗೆ ಏನಾದರೂ ಕೊಡಬೇಕೆಂದು ಬಯಸುವ ದಾನಿಗಳಿಗೆ ಉಪಾಧ್ಯಾಯರು ಈ ಮೂರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಮೇಲೆ ಹೇಳಿದ ಹತ್ತು ಪ್ರೊಸೆಸರುಗಳ ಪ್ರಸಂಗ ಒದಗದು.

ಬಯೋಸ್ ಎಂದರೆ ಬೋರ್ಡಿನ ಮೇಲಿನ ಒಂದು ಚಿಕ್ಕ ಚಿಪ್ಪಿನಲ್ಲಿ ಬರೆದಿಟ್ಟ ಆದ್ಯ ಆದೇಶಗಳು. ಯಂತ್ರ ಎಚ್ಚರಗೊಂಡ ಕೂಡಲೆ ಮೊದಲು ಓದುವುದು ಅದನ್ನೇ. ಬೋರ್ಡು ತಯಾರಾದ ದಿನಕ್ಕೆ ಇನ್ನೂ ಹುಟ್ಟಿರದ ಪ್ರೊಸೆಸರಿನ ಪರಿಚಯ ಅದರಲ್ಲಿರುವುದು ಹೇಗೆ? ಇಲ್ಲಿ ಶಾಸ್ತ್ರಕಾರರ ಮೂರನೆಯ ಅಂಗವಾದ ಸನ್ನಿಧಿಯು ನೆನಪಾಗುತ್ತದೆ. ಬೆಳಿಗ್ಗೆ 'ಹಸುವನ್ನು' ಎಂದು, ಸಂಜೆ 'ಕರೆದುಕೊಂಡು ಬಾ' ಎಂದರೆ ಎರಡೂ ಯೋಗ್ಯವಾದ ಪದಗಳೇ ಆದರೂ ಕಾಲದ ಅಂತರದಿಂದ ವಾಕ್ಯವಾಗದು. ಬೋರ್ಡಿಗೂ ಪ್ರೊಸೆಸರಿಗೂ ನಡುವಿನ ಈ ಕಾಲಾಂತರವನ್ನು ತುಂಬುವುದು ಬಯೋಸಿನ ಪರಿಷ್ಕರಣ.

ಎ.ಎಂ.ಡಿ. ಸಂಸ್ಥೆಯ ಎ.ಎಂ.4 ಸಾಕೆಟ್ಟಿನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. 1331 ಸೂಜಿಗಳ ಈ ಸಾಕೆಟ್ಟಿನಲ್ಲಿ 2017ರಲ್ಲಿ ಮೊದಲ ರೈಜೆನ್ 1000ದ ಶ್ರೇಣಿ ಬಂದಿತು. 2018ರಲ್ಲಿ 2000, 2019ರಲ್ಲಿ 3000, 2020ರ ನವೆಂಬರಿನಲ್ಲಿ 5000. ಇಂಟೆಲ್ಲಿನಂತೆ ಸೂಜಿಗಳ ಹಂಚಿಕೆಯನ್ನು ಬದಲಿಸದೆ ಇಷ್ಟನ್ನೂ ನಡೆಸಿದ್ದು ಕೊಳ್ಳುವವರಿಗೆ ಉಪಕಾರವಾಯಿತು. ಆದರೆ ತೊಡಕು ಬೇರೊಂದು ಕಡೆಯಿಂದ ಬಂದಿತು. ಹಳೆಯ ಬೋರ್ಡುಗಳಲ್ಲಿ ಬಯೋಸ್ ಬರೆಯುವ ಚಿಪ್ಪಿನ ಧಾರಣೆ ಬಹುಮಟ್ಟಿಗೆ 16 ಮೆಗಾಬೈಟು. ಇಷ್ಟೊಂದು ಪ್ರೊಸೆಸರುಗಳ ಪರಿಚಯವನ್ನೆಲ್ಲ ತುಂಬಲು ಅಲ್ಲಿ ಎಡೆ ಸಾಲದು. ಈ ಕಾರಣವನ್ನು ಮುಂದಿಟ್ಟು 2020ರ ಮೇ ತಿಂಗಳಲ್ಲಿ ಎ.ಎಂ.ಡಿ.ಯು, ಬರಲಿರುವ ಪ್ರೊಸೆಸರುಗಳು 400ರ ಶ್ರೇಣಿಯ ಬೋರ್ಡುಗಳಿಗೆ ಸಲ್ಲವೆಂದು ಪ್ರಕಟಿಸಿತು. ಆ ಬೋರ್ಡುಗಳನ್ನು ಮುಂದಿನ ದಿನಗಳ ಭರವಸೆಯಿಂದ ಕೊಂಡಿದ್ದವರು ಎಬ್ಬಿಸಿದ ಗದ್ದಲ ಸಾಮಾನ್ಯವಾದುದಲ್ಲ. ಕೆಲವೇ ವಾರಗಳಲ್ಲಿ ಸಂಸ್ಥೆಯು ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. 2022ರಲ್ಲಿ 300ರ ಶ್ರೇಣಿಯ ಬೋರ್ಡುಗಳಿಗೂ ಹೊಸ ಬಯೋಸ್ ದೊರೆಯುವಂತಾಯಿತು. ಎಡೆಯ ಕೊರತೆಯನ್ನು ತಯಾರಕರು ನೀಗಿಸಿದ ಬಗೆ ವಿನೋದಕರವಾಗಿದೆ: ಕೆಲವರು ಬಯೋಸಿನ ಬಣ್ಣದ ಚಿತ್ರಗಳನ್ನು ಕಿತ್ತುಹಾಕಿ ಬರಿಯ ಅಕ್ಷರಗಳನ್ನು ಉಳಿಸಿದರು, ಕೆಲವರು ಹಳೆಯ ಪ್ರೊಸೆಸರುಗಳ ಹೆಸರನ್ನೇ ಪಟ್ಟಿಯಿಂದ ತೆಗೆದರು. ಎಂತಲೇ ಹೊಸ ಬಯೋಸ್ ಬರೆದ ಮೇಲೆ ಅದೇ ಬೋರ್ಡಿನಲ್ಲಿ ಹಳೆಯ ಪ್ರೊಸೆಸರು ಏಳದಿರಬಹುದು. ಇಷ್ಟಾದರೂ 2017ರ ಬೋರ್ಡೊಂದು 2020ರ ಪ್ರೊಸೆಸರನ್ನು ಹೊತ್ತು ಇಂದಿಗೂ ದುಡಿಯುವುದು ಸಾಧ್ಯವಾಯಿತೆಂಬುದು ಗಮನಾರ್ಹ.

ಇನ್ನೊಂದು ತೊಡಕನ್ನು ತಾರ್ಕಿಕರು ಅನ್ಯೋನ್ಯಾಶ್ರಯ ದೋಷವೆನ್ನುತ್ತಾರೆ. ಬಯೋಸನ್ನು ಪರಿಷ್ಕರಿಸಬೇಕಾದರೆ ಯಂತ್ರ ಏಳಬೇಕು. ಯಂತ್ರ ಏಳಬೇಕಾದರೆ ಬಯೋಸ್ ಪರಿಷ್ಕೃತವಾಗಿರಬೇಕು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆಯಂತೆ. 2018ರಲ್ಲಿ ಇಂತಹ ಸಂಕಟಕ್ಕೆ ಸಿಕ್ಕಿದವರಿಗೆ ಎ.ಎಂ.ಡಿ. ಸಂಸ್ಥೆಯು ಬಯೋಸ್ ಬರೆದುಕೊಳ್ಳುವಷ್ಟು ಕಾಲಕ್ಕೆಂದು ಹಳೆಯ ಪ್ರೊಸೆಸರೊಂದನ್ನು ಎರವಲಾಗಿ ಕಳುಹಿಸಿಕೊಡುತ್ತಿತ್ತು. ಈಗ ಅನೇಕ ಬೋರ್ಡುಗಳಲ್ಲಿ ಪ್ರೊಸೆಸರು ಇಲ್ಲದೆಯೇ ಬಯೋಸ್ ಬರೆಯುವ ಗುಂಡಿಯೊಂದನ್ನು ಹಿಂಭಾಗದಲ್ಲಿ ಇಟ್ಟಿರುತ್ತಾರೆ. ಪೆನ್‌ಡ್ರೈವಿನಲ್ಲಿ ಕಡತವನ್ನು ತಯಾರಕರು ಹೇಳಿದ ಹೆಸರಿನಿಂದ ಇಟ್ಟು, ಗೊತ್ತಾದ ರಂಧ್ರದಲ್ಲಿ ಸಿಕ್ಕಿಸಿ, ಗುಂಡಿಯನ್ನು ಒತ್ತಿದರಾಯಿತು. ಎರಡು ಬೋರ್ಡುಗಳ ನಡುವೆ ಆರಿಸಬೇಕಾದಾಗ ದೀಪಾಲಂಕಾರವುಳ್ಳದ್ದನ್ನು ಬಿಟ್ಟು ಈ ಗುಂಡಿಯುಳ್ಳದ್ದನ್ನು ಆರಿಸುವುದು ವಿವೇಕ. ಬರೆಯುತ್ತಿರುವಾಗ ವಿದ್ಯುತ್ತು ಹೋಯಿತೆಂದರೆ ಬೋರ್ಡೇ ಮೂಕವಾಗಬಹುದು, ಆದಕಾರಣ ಯು.ಪಿ.ಎಸ್. ಇಲ್ಲದೆ ಈ ಕಾರ್ಯಕ್ಕೆ ಕೈಹಾಕತಕ್ಕದ್ದಲ್ಲ. ನಮ್ಮ ಊರುಗಳ ವಿದ್ಯುತ್ತಿನ ಸ್ಥಿತಿಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾದುದಿಲ್ಲ.

ಪಟ್ಟಿಯಲ್ಲಿ ಹೆಸರಿದೆ, ಬಯೋಸೂ ಸರಿಯಾಗಿದೆ ಎಂದಮೇಲೆಯೂ ಉಳಿಯುವ ಪ್ರಶ್ನೆ ಶಕ್ತಿಯದು. ಪೆಟ್ಟಿಗೆಯೊಳಗಿನ ಪವರ್ ಸಪ್ಲೈ ಕೊಡುವುದು 12 ವೋಲ್ಟು. ಪ್ರೊಸೆಸರಿನ ತಿರುಳುಗಳಿಗೆ ಬೇಕಾದುದು ಸುಮಾರು 1.2 ವೋಲ್ಟು. ವೋಲ್ಟು ಕಡಿಮೆಯಾದಷ್ಟೂ ಆಂಪಿಯರು ಹೆಚ್ಚಬೇಕೆಂಬುದು ಪ್ರೌಢಶಾಲೆಯ ಪಾಠವೇ ಆಗಿದೆ. 120 ವ್ಯಾಟು ಬೇಡುವ ಪ್ರೊಸೆಸರಿಗೆ 1.2 ವೋಲ್ಟಿನಲ್ಲಿ 100 ಆಂಪಿಯರು ಹರಿಯಬೇಕು. ಮನೆಯ ಗೀಸರಿಗೆ ಹಾಕುವ ದೊಡ್ಡ ಪ್ಲಗ್ಗಿನ ಮಿತಿ 16 ಆಂಪಿಯರು ಎಂಬುದನ್ನು ನೆನೆದರೆ ಇದರ ಪ್ರಮಾಣ ಮನಸ್ಸಿಗೆ ಬಂದೀತು. ಈ ಪ್ರವಾಹವನ್ನು ಇಳಿಸಿ ಹದಗೊಳಿಸುವ ಭಾಗಗಳು, ಚಿಕ್ಕ ಕಪ್ಪು ಚಿಪ್ಪುಗಳೂ ಬೂದುಬಣ್ಣದ ಚೌಕ ಕಾಯಿಲುಗಳೂ, ಸಾಕೆಟ್ಟಿನ ಅಕ್ಕಪಕ್ಕದಲ್ಲಿ ಸಾಲಾಗಿ ನಿಂತಿರುತ್ತವೆ. ವರ್ತಕರು ಇದನ್ನು ವಿ.ಆರ್.ಎಂ. ಎನ್ನುತ್ತಾರೆ. ಸೋವಿಯ ಬೋರ್ಡುಗಳಲ್ಲಿ ಅವುಗಳ ಸಂಖ್ಯೆ ಕಡಿಮೆ, ಮೇಲೆ ಶಾಖ ಹೀರುವ ಲೋಹದ ಹೊದಿಕೆಯೂ ಇರದು. ಇಂಟೆಲ್ಲಿನ 12ನೆಯ ಪೀಳಿಗೆಯಲ್ಲಿ ಐ5-12400 ಎಂಬುದು ಗರಿಷ್ಠವಾಗಿ 117 ವ್ಯಾಟು ಬಳಸಿದರೆ, ಅದೇ ಸಾಕೆಟ್ಟಿನ ಐ9-12900ಕೆ ಎಂಬುದು 241 ವ್ಯಾಟಿನವರೆಗೆ ಏರಬಲ್ಲುದು. ಕಡಿಮೆ ಬೆಲೆಯ ಎಚ್610 ಬೋರ್ಡಿನ ಪಟ್ಟಿಯಲ್ಲಿ ಎರಡರ ಹೆಸರೂ ಇರಬಹುದು. ಮೊದಲನೆಯದನ್ನು ಅದು ಚೆನ್ನಾಗಿಯೇ ನಡೆಸುತ್ತದೆ. ಎರಡನೆಯದನ್ನು ಕೂರಿಸಿದರೆ ಯಂತ್ರ ಏಳುತ್ತದೆ, ಆದರೆ ದೀರ್ಘವಾದ ಕೆಲಸ ಬಂದಾಗ ಬೋರ್ಡು ಕಾದು ಪ್ರೊಸೆಸರಿನ ವೇಗವನ್ನು ತಗ್ಗಿಸುತ್ತದೆ. ಎರಡೆತ್ತಿನ ಗಾಡಿಗೆ ಕಬ್ಬಿನ ಲಾರಿಯ ಹೊರೆ ಹೇರಿದಂತೆ. ದುಬಾರಿ ಪ್ರೊಸೆಸರನ್ನು ಕೊಂಡು ಉಳಿದ ಚಿಲ್ಲರೆಯಲ್ಲಿ ಬೋರ್ಡು ಕೊಳ್ಳುವ ಅಭ್ಯಾಸ ಸರಿಯಲ್ಲ. ಮಧ್ಯಮ ಪ್ರೊಸೆಸರಿಗೆ ಅತ್ಯಂತ ದುಬಾರಿ ಬೋರ್ಡನ್ನು ಕಟ್ಟುವುದೂ ಅಷ್ಟೇ ವ್ಯರ್ಥ. ಇಂಟೆಲ್ಲಿನಲ್ಲಿ 'ಝಡ್' ಅಕ್ಷರದ ಚಿಪ್‌ಸೆಟ್ಟುಗಳಿಗೆ ಹೆಚ್ಚು ಹಣ ತೆರುವುದು ಮುಖ್ಯವಾಗಿ ಪ್ರೊಸೆಸರನ್ನು ನಿಯಮಿತ ವೇಗಕ್ಕಿಂತ ಮೇಲೆ ಓಡಿಸುವ ಸ್ವಾತಂತ್ರ್ಯಕ್ಕಾಗಿ. ಹೆಸರಿನ ಕೊನೆಯಲ್ಲಿ 'ಕೆ' ಇಲ್ಲದ ಪ್ರೊಸೆಸರಿಗೆ ಆ ಸ್ವಾತಂತ್ರ್ಯದಿಂದ ಪ್ರಯೋಜನವಿಲ್ಲ. ಮನೆಗೆ, ಶಾಲೆಗೆ 'ಬಿ' ಅಕ್ಷರದ ಚಿಪ್‌ಸೆಟ್ಟು ಸಾಕು.

ಸ್ಮೃತಿಯ ವಿಚಾರ. ಡಿ.ಡಿ.ಆರ್. 4 ಮತ್ತು ಡಿ.ಡಿ.ಆರ್. 5 ಎರಡರ ಕಡ್ಡಿಗಳಿಗೂ 288 ಸಂಪರ್ಕಗಳೇ. ಕಚ್ಚಿನ ಸ್ಥಾನ ಬೇರೆ, ಆದ್ದರಿಂದ ಒಂದರ ರಂಧ್ರದಲ್ಲಿ ಇನ್ನೊಂದು ಕೂರದು. ಇಲ್ಲಿ ತಯಾರಕರು ವಿವೇಕ ತೋರಿದ್ದಾರೆ. 2021ರ ನವೆಂಬರಿನಲ್ಲಿ ಬಂದ ಎಲ್.ಜಿ.ಎ. 1700 ಸಾಕೆಟ್ಟಿನ ಪ್ರೊಸೆಸರುಗಳು ಎರಡನ್ನೂ ಬಲ್ಲವು. ಆದರೆ ಒಂದು ಬೋರ್ಡಿನಲ್ಲಿ ಸಾಮಾನ್ಯವಾಗಿ ಒಂದಕ್ಕೇ ಎಡೆ. ಹಳೆಯ ಡಿ.ಡಿ.ಆರ್. 4 ಕಡ್ಡಿಗಳು ಮನೆಯಲ್ಲಿದ್ದು ಅವನ್ನು ಉಳಿಸಿಕೊಳ್ಳಬೇಕೆನ್ನುವವರು ಆ ಜಾತಿಯ ಬೋರ್ಡನ್ನೇ ಕೇಳಿ ಕೊಳ್ಳಬೇಕು. 2022ರ ಎ.ಎಂ.5 ಮತ್ತು 2024ರ ಎಲ್.ಜಿ.ಎ. 1851 ಸಾಕೆಟ್ಟುಗಳಿಗಾದರೋ ಡಿ.ಡಿ.ಆರ್. 5 ಒಂದೇ ಗತಿ. ಎ.ಎಂ.5ಕ್ಕೆ 2027 ಹಾಗೂ ಅನಂತರವೂ ಬೆಂಬಲವಿರುವುದೆಂದು ಎ.ಎಂ.ಡಿ. ಹೇಳಿದೆ, 2024ರ ರೈಜೆನ್ 9000 ಶ್ರೇಣಿಯು 2022ರ ಬೋರ್ಡುಗಳಲ್ಲಿ ಬಯೋಸ್ ಪರಿಷ್ಕರಣದಿಂದಲೇ ನಡೆದುದನ್ನು ನೋಡಿದರೆ ಮುಂದೊಂದು ದಿನ ಪ್ರೊಸೆಸರನ್ನಷ್ಟೇ ಬದಲಿಸುವ ಆಸೆಯುಳ್ಳವರಿಗೆ ಆ ದಾರಿ ಅನುಕೂಲವಾಗಿ ತೋರುತ್ತದೆ.

ಪರದೆಯ ವಿಷಯದಲ್ಲಿಯೂ ಎಡವುವವರುಂಟು. ಬೋರ್ಡಿನ ಹಿಂಭಾಗದಲ್ಲಿ ಪರದೆಯ ತಂತಿಗೆ ರಂಧ್ರವಿದೆಯೆಂದ ಮಾತ್ರಕ್ಕೆ ಚಿತ್ರ ಬಾರದು. ಚಿತ್ರ ಬಿಡಿಸುವ ಅಂಗವು ಪ್ರೊಸೆಸರಿನೊಳಗೆ ಇರಬೇಕು. ಐ5-12400ರಲ್ಲಿ ಅದಿದೆ, ಐ5-12400ಎಫ್ ಎಂಬುದರಲ್ಲಿಲ್ಲ. ರೈಜೆನ್ 5600ಜಿಯಲ್ಲಿ ಇದೆ, 5600ಎಕ್ಸ್‌ನಲ್ಲಿಲ್ಲ. ಕೊನೆಯ ಒಂದಕ್ಷರ ಪ್ರತ್ಯಯದಂತೆ ಅರ್ಥವನ್ನೇ ಬದಲಿಸುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಇಲ್ಲದವರು ಇದನ್ನು ನೋಡಿಯೇ ಕೊಳ್ಳಬೇಕು. ಬೋರ್ಡಿನ ಅಳತೆ ಪೆಟ್ಟಿಗೆಗೆ ಸರಿಹೊಂದಬೇಕು: ಎ.ಟಿ.ಎಕ್ಸ್. 305ಕ್ಕೆ 244 ಮಿಲಿಮೀಟರು, ಮೈಕ್ರೋ ಎ.ಟಿ.ಎಕ್ಸ್. 244ಕ್ಕೆ 244. ಹಳೆಯ ಕೂಲರನ್ನು ಬಳಸುವವರು ಇಂಟೆಲ್ಲಿನ 1151, 1200 ಸಾಕೆಟ್ಟುಗಳಲ್ಲಿ ರಂಧ್ರಗಳ ಅಂತರ 75 ಮಿಲಿಮೀಟರು, 1700ರಲ್ಲಿ 78 ಮಿಲಿಮೀಟರು ಎಂಬುದನ್ನು ಅರಿತಿರಬೇಕು. ಮೂರೇ ಮಿಲಿಮೀಟರೆಂದು ಒತ್ತಿ ಕೂರಿಸತಕ್ಕದ್ದಲ್ಲ.

ಕಚೇರಿಗಳಿಂದ ದಾನವಾಗಿ ಬರುವ ದೊಡ್ಡ ಕಂಪೆನಿಗಳ ಸಿದ್ಧ ಯಂತ್ರಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ಎಷ್ಟೋ ಬೋರ್ಡುಗಳು ಆ ಕಂಪೆನಿಯ ಸ್ವಂತ ಆಕಾರದವು. ಪವರ್ ಸಪ್ಲೈಯ ತಂತಿಯ ಮುಖವೂ ಬೇರೆ. ಅಂಗಡಿಯ ಬೋರ್ಡು ಆ ಪೆಟ್ಟಿಗೆಯಲ್ಲಿ ಕೂರದೆ ಇರಬಹುದು. ಬಯೋಸು ಕೂಡ ಆ ಮಾದರಿಯೊಡನೆ ಮಾರಲಾದ ಪ್ರೊಸೆಸರುಗಳನ್ನಷ್ಟೇ ಒಪ್ಪುವುದುಂಟು. ಇಂತಹ ಯಂತ್ರಗಳಿಗೆ ಸ್ಮೃತಿಯನ್ನು ಹೆಚ್ಚಿಸಿ, ತಿರುಗುವ ತಟ್ಟೆಯ ಬದಲು ಎಸ್.ಎಸ್.ಡಿ. ಹಾಕಿ ತೃಪ್ತಿಪಡುವುದು ಮೇಲು. ಪ್ರೊಸೆಸರನ್ನು ಬದಲಿಸಲು ಹೋಗುವುದು ಬೇಡ.

ಇನ್ನು ಆ ಹತ್ತು ಯಂತ್ರಗಳ ಗತಿಯೇನು? ದಾರಿಗಳು ಎರಡು. ಬೋರ್ಡುಗಳಲ್ಲಿರುವ ಸ್ಮೃತಿ ಡಿ.ಡಿ.ಆರ್. 4 ಆಗಿದ್ದರೆ, ಬಳಸಿದ ಎಚ್310 ಅಥವಾ ಬಿ360 ಬೋರ್ಡುಗಳನ್ನು ಕೊಂಡು ಅದೇ ಸ್ಮೃತಿ, ಅದೇ ಕೂಲರು, ಅದೇ ತಟ್ಟೆಗಳೊಡನೆ ತಂದ ಪ್ರೊಸೆಸರುಗಳನ್ನು ಸಾರ್ಥಕಪಡಿಸಬಹುದು. ವಿಂಡೋಸ್ 11 ಬೇಡುವ ಟಿ.ಪಿ.ಎಂ. 2.0 ಎಂಬ ರಕ್ಷಣಾವ್ಯವಸ್ಥೆಯನ್ನು ಬಯೋಸಿನೊಳಗೆ ಹೋಗಿ ಚಾಲನೆ ಮಾಡಬೇಕಾದೀತು. ಹಣವಿಲ್ಲವಾದರೆ ಹಳೆಯ ಪ್ರೊಸೆಸರುಗಳನ್ನೇ ಮರಳಿ ಕೂರಿಸಿ ಲಿನಕ್ಸ್ ಕಾರ್ಯವ್ಯವಸ್ಥೆಯನ್ನು ಹಾಕುವುದು. ಮಕ್ಕಳು ಬೆರಳಚ್ಚು, ಲೆಕ್ಕದ ಹಾಳೆ, ಕ್ರಮವಿಧಿಯ ರಚನೆ ಕಲಿಯಲು ಅದು ಯಥೇಷ್ಟ. ಕನ್ನಡ ಬರೆಯಲೂ ಅದರಲ್ಲಿ ಕೊರತೆಯಿಲ್ಲ. ತಂದ ಪ್ರೊಸೆಸರುಗಳನ್ನು ಮಾರಿದರೆ ಒಂದಿಷ್ಟು ಹಣವಾದರೂ ಹಿಂದಕ್ಕೆ ಬಂದೀತು. ಕೊಠಡಿಯ ಪಾಠ ನಿಲ್ಲಬಾರದೆಂಬುದೇ ಮುಖ್ಯವಾದರೆ ಎರಡನೆಯದೇ ಒಳ್ಳೆಯದು.

ಕೂರಿಸುವ ವಿಧಾನದಲ್ಲಿ ಹೇಳಬೇಕಾದುದು ಅಲ್ಪ. ಪ್ರೊಸೆಸರಿನ ಒಂದು ಮೂಲೆಯಲ್ಲಿ ಹೊಂಬಣ್ಣದ ಚಿಕ್ಕ ತ್ರಿಕೋನವಿರುತ್ತದೆ, ಸಾಕೆಟ್ಟಿನಲ್ಲಿಯೂ ಅಂತಹದೇ ಗುರುತಿರುತ್ತದೆ. ಎರಡೂ ಒಂದೇ ಕಡೆಗೆ ಬರಬೇಕು. ಮೇಲಿನಿಂದ ಇಳಿಯಬಿಡಬೇಕೇ ಹೊರತು ಒತ್ತಬಾರದು. ಎಲ್.ಜಿ.ಎ. ಮಾದರಿಯಲ್ಲಿ ಬೋರ್ಡಿನ ಎಳೆಗಳು ಬೆರಳು ತಗುಲಿದರೂ ಬಾಗುತ್ತವೆ, ಬಾಗಿದುದಕ್ಕೆ ಸಾಮಾನ್ಯವಾಗಿ ಖಾತರಿ ಸಲ್ಲದು. ಸಾಕೆಟ್ಟಿನ ಮೇಲಿದ್ದ ಪ್ಲಾಸ್ಟಿಕ್ ಮುಚ್ಚಳವನ್ನು ಎಸೆಯದೆ ಇಟ್ಟುಕೊಳ್ಳಬೇಕು. ಎ.ಎಂ.4ರಲ್ಲಿ ಸೂಜಿಗಳು ಪ್ರೊಸೆಸರಿನ ತಳದಲ್ಲಿರುತ್ತವೆ; ಕೂಲರನ್ನು ನೆಟ್ಟಗೆ ಮೇಲಕ್ಕೆಳೆದರೆ ನಡುವಿನ ಲೇಪಕ್ಕೆ ಅಂಟಿಕೊಂಡ ಪ್ರೊಸೆಸರೂ ಕಿತ್ತುಬರುವುದುಂಟು. ಯಂತ್ರವನ್ನು ಸ್ವಲ್ಪ ಹೊತ್ತು ನಡೆಸಿ ಬಿಸಿಮಾಡಿ, ವಿದ್ಯುತ್ತನ್ನು ಕಡಿದು, ಕೂಲರನ್ನು ಅತ್ತಿತ್ತ ಮೆಲ್ಲನೆ ತಿರುಗಿಸಿ ಬಿಡಿಸಬೇಕು.

ಡಿ.ಡಿ.ಆರ್. 5 ಸ್ಮೃತಿಯುಳ್ಳ ಹೊಸ ಬೋರ್ಡುಗಳಲ್ಲಿ, ಅದರಲ್ಲೂ ಎ.ಎಂ.5ರಲ್ಲಿ, ಎಲ್ಲವೂ ಸರಿಯಾಗಿದ್ದರೂ ಮೊದಲ ಸಲ ವಿದ್ಯುತ್ತು ಕೊಟ್ಟಾಗ ಪರದೆ ಕೆಲವು ನಿಮಿಷಗಳ ಕಾಲ ಕಪ್ಪಾಗಿಯೇ ಇರುತ್ತದೆ. ಬೋರ್ಡು ಆ ಹೊತ್ತಿನಲ್ಲಿ ಹೊಸ ಸ್ಮೃತಿಯೊಡನೆ ವೇಗವನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ಜೋಡಣೆ ಕೆಟ್ಟಿತೆಂದು ಗಾಬರಿಯಿಂದ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರೆ ಆ ಕೆಲಸ ಮೊದಲಿನಿಂದ ಆರಂಭವಾಗುತ್ತದೆ. ಪಕ್ಕದಲ್ಲಿ ಕುಳಿತು ಹತ್ತು ನಿಮಿಷ ಕಾದು ನೋಡಬೇಕು.